ಸಂಪಾದಕರ ಉತ್ತರ: ಕೂಡಿ ಕಲಿಯಲು ಕೂಡಿ ಮಾಡುವ ಕೆಲಸ ಬೇಕು

ಮಾನ್ಯರೇ,

ಮಂಡ್ಯದ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ವರ್ಷದ 42 ವಿದ್ಯಾರ್ಥಿಗಳಿಗಾಗಿ ವಾಟ್ಸ್‌ಆ್ಯಪ್ ಗುಂಪು ತೆರೆದು, ಕೃಷಿ ಮಾರುಕಟ್ಟೆಯ ಪಾಠದ ಮೇಲೆ ವಾರಕ್ಕೊಂದು ಪ್ರಶ್ನೆ ಹಾಕಿ, ಎಲ್ಲರೂ ಚರ್ಚಿಸಲಿ ಎಂದು ತಾವು ಮೂರು ವಾರ ಕಾದಿರಿ. ಉತ್ತರ ಬರೆದವರು ಪ್ರತಿ ಸಲವೂ ಅದೇ ನಾಲ್ವರು. ಉಳಿದವರು ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದರು. ‘ಇದಕ್ಕಿಂತ ಒಳ್ಳೆಯ ಆ್ಯಪ್ ಯಾವುದು? ಅಥವಾ ನಮ್ಮ ಹಳ್ಳಿಯ ಮಕ್ಕಳಿಗೆ ಆನ್‌ಲೈನಿನಲ್ಲಿ ಕೂಡಿ ಕಲಿಯುವುದು ಒಗ್ಗುವುದೇ ಇಲ್ಲವೇ?’ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರೊಳಗಿರುವ ಅನುಮಾನವನ್ನು ನಾನು ಒಪ್ಪುವುದಿಲ್ಲ. ತಮ್ಮ ವಿದ್ಯಾರ್ಥಿಗಳು ಮುಯ್ಯಾಳಿನ ಸೀಮೆಯಿಂದ ಬಂದವರು. ನಾಟಿಯ ಕಾಲದಲ್ಲಿ ಇಂದು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರದು. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂಬುದು ಸಾಲಿನಲ್ಲಿ ಬಾಗಿದ ಎಲ್ಲರಿಗೂ ಗೊತ್ತು. ಒಬ್ಬರೇ ಮುಗಿಸಲಾಗದ ಕೆಲಸವಾದ್ದರಿಂದಲೇ ಅಲ್ಲಿ ಹತ್ತು ಜನ ಸೇರುತ್ತಾರೆ. ತಮ್ಮ ಗುಂಪಿನ ಪ್ರಶ್ನೆ ಹಾಗಿರಲಿಲ್ಲ. ‘ಬೆಂಬಲ ಬೆಲೆ ಎಂದರೇನು?’ ಎಂಬ ಪ್ರಶ್ನೆಗೆ ಒಬ್ಬ ಜಾಣ ಹುಡುಗಿ ಪೂರ್ತಿ ಉತ್ತರ ಬರೆದ ಮೇಲೆ ಮಿಕ್ಕ 41 ಮಂದಿಗೆ ಹೇಳುವುದಕ್ಕೆ ಉಳಿಯುವುದೇನು? ಹೆಬ್ಬೆರಳು ಒತ್ತಿದವರನ್ನು ಸೋಮಾರಿಗಳು ಎನ್ನಲು ನನಗೆ ಮನಸ್ಸು ಬಾರದು.

ಇದು ಇಂದಿನ ಸಮಸ್ಯೆಯೂ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಬರಹದಲ್ಲಿ, ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಎಳೆತ ಇಳಿಯುತ್ತದೆ ಎಂದು ತೋರಿಸಿದ್ದ. ಎಲ್ಲರ ಎಳೆತ ಒಂದೇ ಗಳಿಗೆಗೆ ಕೂಡಿಬರುವುದಿಲ್ಲ ಎಂಬುದು ಒಂದು ಕಾರಣ; ತನ್ನ ಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಮುಂದಿನ ಸಂಶೋಧಕರು ಕಂಡುಕೊಂಡ ಇನ್ನೊಂದು. ಆದ್ದರಿಂದ ಗುಂಪು ಚಿಕ್ಕದಿರಬೇಕು, ಪ್ರತಿಯೊಬ್ಬರ ಪಾಲೂ ಬೇರೆಯಾಗಿ ಕಾಣಬೇಕು.

ಇದಕ್ಕೆ ಒಪ್ಪುವ ವಿಧಾನವೊಂದನ್ನು ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದರು. ಬಿಳಿಯ ಮತ್ತು ಕರಿಯ ಮಕ್ಕಳು ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ಕೂತು, ಪರಸ್ಪರ ನಂಬಿಕೆಯಿಲ್ಲದೆ ಪೈಪೋಟಿಗೆ ಬಿದ್ದಿದ್ದ ಕಾಲವದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನೇ ಕೊಟ್ಟರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿಯಾಗುತ್ತಲೇ ಇರಲಿಲ್ಲ. ಇದನ್ನು ಮಂಡ್ಯಕ್ಕೆ ಹೊಂದಿಸಿಕೊಳ್ಳುವುದು ಕಷ್ಟವೇನಲ್ಲ. ‘ಒಂದು ಅಚ್ಚು ಬೆಲ್ಲದ ಬೆಲೆಯಲ್ಲಿ ಯಾರಿಗೆಷ್ಟು?’ ಎಂಬ ಪ್ರಶ್ನೆ ಇಟ್ಟುಕೊಳ್ಳಿ. ನಾಲ್ವರ ಗುಂಪಿನಲ್ಲಿ ಒಬ್ಬ ಕಬ್ಬು ಬೆಳೆದವರನ್ನು ಕೇಳಲಿ, ಒಬ್ಬಳು ಆಲೆಮನೆಗೆ ಹೋಗಿ ಗಾಣದ ಕೂಲಿ, ಉರುವಲು, ಕೊಪ್ಪರಿಗೆಯ ಮುಂದೆ ನಿಲ್ಲುವವರ ಸಂಬಳ ವಿಚಾರಿಸಲಿ, ಮತ್ತೊಬ್ಬ ಬೆಲ್ಲದ ಮಂಡಿಗೆ, ಇನ್ನೊಬ್ಬಳು ಕಿರಾಣಿ ಅಂಗಡಿಗೆ ಹೋಗಲಿ. ಗುಂಪಿಗೆ ಮರಳುವ ಮೊದಲು ಎಲ್ಲ ಗುಂಪುಗಳಿಂದ ಆಲೆಮನೆಗೆ ಹೋದವರು ಒಂದೆಡೆ, ಮಂಡಿಗೆ ಹೋದವರು ಒಂದೆಡೆ ಸೇರಿ ತಂತಮ್ಮ ಅಂಕಿಗಳನ್ನು ತಾಳೆ ನೋಡಲಿ. ಹಿಂಜರಿಯುವ ಮಕ್ಕಳಿಗೆ ಈ ನಡುವಿನ ಹಂತ ಬಹಳ ದೊಡ್ಡ ಆಸರೆ. ತಾನು ತಂದದ್ದು ಸರಿಯೆಂದು ಖಾತ್ರಿಯಾದ ಮೇಲೆ ಮಾತನಾಡುವುದು ಸುಲಭ. ತಮ್ಮ 42 ಮಂದಿಯಲ್ಲಿ ನಾಲ್ವರ ಎಂಟು ಗುಂಪು, ಐವರ ಎರಡು ಗುಂಪು ಆಗುತ್ತವೆ. ಐವರಿರುವಲ್ಲಿ ಮಂಡಿಗೆ ಇಬ್ಬರು ಹೋಗಲಿ.

ಈಗ ಆ್ಯಪಿನ ಮಾತು. ಕೊರೊನಾ ಕಾಲದಲ್ಲಿ ಮೈಸೂರಿನ ಕಾಲೇಜೊಂದಕ್ಕೆ ಅತಿಥಿ ತರಗತಿ ತೆಗೆದುಕೊಂಡಾಗ ನಾನೂ ವಾಟ್ಸ್‌ಆ್ಯಪ್ ಗುಂಪನ್ನೇ ಮಾಡಿದ್ದೆ. ವಾರ ಕಳೆದ ಮೇಲೆ ವಿದ್ಯಾರ್ಥಿನಿಯೊಬ್ಬಳು, ತನ್ನ ನಂಬರ್ ಎಲ್ಲರಿಗೂ ಸಿಕ್ಕಿ ರಾತ್ರಿ ಹೊತ್ತು ಅಪರಿಚಿತ ಕರೆಗಳು ಬರುತ್ತಿವೆ, ಆದ್ದರಿಂದ ಗುಂಪು ಬಿಡುತ್ತೇನೆ ಎಂದಳು. ಅಲ್ಲಿಯವರೆಗೆ ಅವಳ ಮೌನವನ್ನು ನಾನು ನಿರಾಸಕ್ತಿ ಎಂದುಕೊಂಡಿದ್ದೆ. ಕಲಿಯುವ ಜಾಗದಲ್ಲಿ ಹೆಸರು ಕಂಡರೆ ಸಾಕು, ನಂಬರ್ ಕಾಣಕೂಡದು. ಇದರಲ್ಲಿ ರಾಜಿ ಬೇಡ.

ತಮ್ಮ ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವವರಿದ್ದರೆ ಆನ್‌ಲೈನಿನಲ್ಲಿ ತರಗತಿ ನಡೆಸಲೆಂದೇ ಇರುವ ಮೂಡಲ್ ಹಾಕಿಸಿಕೊಳ್ಳಿ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಮಾಸ್ 2002ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ. ಅದರಲ್ಲಿ ಗುಂಪುಗಳನ್ನು ಬೇರೆ ಬೇರೆಯಾಗಿಡಬಹುದು. ತನ್ನ ಉತ್ತರ ಬರೆಯುವವರೆಗೆ ಬೇರೆಯವರ ಉತ್ತರ ಕಾಣದಂತೆ ಮಾಡುವ ಪ್ರಶ್ನೋತ್ತರ ವ್ಯವಸ್ಥೆಯೂ ಇದೆ, ತಮ್ಮ ಆ ನಾಲ್ವರ ಉತ್ತರದ ಹಿಂದೆ ಉಳಿದವರು ಅಡಗದಿರಲು ಅದೊಂದೇ ಸಾಕು. ಮೂಡಲ್ ಸಾಧ್ಯವಿಲ್ಲದಿದ್ದರೆ, ಯಾರು ಯಾವಾಗ ಏನು ತಿದ್ದಿದರು ಎಂಬ ಇತಿಹಾಸ ಉಳಿಯುವ, ಎಲ್ಲರೂ ಆನ್‌ಲೈನಿನಲ್ಲಿ ಕೂಡಿ ಬರೆಯುವ ಹಂಚಿಕೆಯ ಕಡತ ಗುಂಪಿಗೊಂದು ಇರಲಿ. 2003ರಿಂದ ಬೆಳೆದುಬಂದಿರುವ ಕನ್ನಡ ವಿಕಿಪೀಡಿಯದ ಯಾವುದೇ ಪುಟದ ಇತಿಹಾಸವನ್ನೂ ಚರ್ಚಾಪುಟವನ್ನೂ ಒಮ್ಮೆ ತರಗತಿಯಲ್ಲಿ ತೆರೆದು ತೋರಿಸಿ, ಜಗಳವಾಡದೆ ಒಬ್ಬರ ಬರಹವನ್ನು ಇನ್ನೊಬ್ಬರು ತಿದ್ದುವುದು ಹೇಗೆಂದು ಮಕ್ಕಳಿಗೆ ಕಾಣುತ್ತದೆ.

ಎಷ್ಟೋ ಮನೆಗಳಲ್ಲಿ ಫೋನ್ ಅಪ್ಪನದೋ ಅಣ್ಣನದೋ ಆಗಿದ್ದು, ಅವರು ರಾತ್ರಿ ಮನೆ ಸೇರಿದ ಮೇಲಷ್ಟೇ ಮಕ್ಕಳ ಕೈಗೆ ಬರುತ್ತದೆ. ಸಂಜೆ ಐದಕ್ಕೆ ಎಲ್ಲರೂ ಬನ್ನಿ ಎಂಬ ವಿಡಿಯೊ ಸಭೆ ಅವರನ್ನು ಹೊರಗಿಡುತ್ತದೆ. ಪ್ರತಿ ಹಂತಕ್ಕೂ ಎರಡು ದಿನ ಬಿಡಿ. ಕನ್ನಡ ಟೈಪಿಂಗ್ ಬಾರದವರು ಕೈಬರಹದ ಹಾಳೆಯ ಫೋಟೊ ಹಾಕಲಿ.

ಏನು ಬರೆಯಬೇಕೆಂದು ತೋಚದೆಯೂ ಮಕ್ಕಳು ಸುಮ್ಮನಿರುತ್ತಾರೆ. ಕೆನಡಾದಲ್ಲಿ ಮಾರ್ಲಿನ್ ಸ್ಕಾರ್ಡಮೇಲಿಯಾ ಮತ್ತು ಕಾರ್ಲ್ ಬೆರೈಟರ್ 1980ರ ದಶಕದಲ್ಲಿ ವಿದ್ಯಾರ್ಥಿಗಳ ಸಹಕಲಿಕೆಗಾಗಿ ಕಟ್ಟತೊಡಗಿದ ಗಣಕ ವ್ಯವಸ್ಥೆಯಲ್ಲಿ ‘ನನ್ನ ಸಿದ್ಧಾಂತ’, ‘ನಾನು ತಿಳಿಯಬೇಕಾದದ್ದು’ ಎಂಬಂಥ ಆರಂಭದ ನುಡಿಗಳನ್ನು ಮುಂದಿಟ್ಟು ಬರೆಸುತ್ತಿದ್ದರು. ತಾವೂ ‘ನನ್ನ ಅಂದಾಜು’, ‘ನಾನು ಕೇಳಿ ತಿಳಿದದ್ದು’, ‘ನಿಮ್ಮ ಈ ಅಂಕಿ ನನ್ನದಕ್ಕೆ ಹೊಂದುವುದಿಲ್ಲ, ಏಕೆಂದರೆ’ ಎಂಬ ಮೂರು ನುಡಿಗಳನ್ನು ಕೊಡಿ. ಮೂರನೆಯದನ್ನು ಬಿಡಬೇಡಿ, ಗೆಳೆಯರ ಮಾತನ್ನು ಒಪ್ಪದಿರಲು ನಮ್ಮ ಮಕ್ಕಳಿಗೆ ಅನುಮತಿ ಬೇಕಾಗುತ್ತದೆ.

ತಾವು ಪ್ರತಿ ಬರಹಕ್ಕೂ ಉತ್ತರಿಸಲು ಹೋದರೆ ಅವರು ತಮಗಷ್ಟೇ ಬರೆಯತೊಡಗುತ್ತಾರೆ. ಎರಡು ದಿನಕ್ಕೊಮ್ಮೆ ಬಂದು, ಎಲ್ಲಿ ಅಂಕಿಗಳು ತಾಳೆಯಾಗಿಲ್ಲವೆಂದು ತೋರಿಸಿದರೆ ಸಾಕು. ಅಂಕಗಳಲ್ಲಿ ಅರ್ಧ ಗುಂಪಿನ ವರದಿಗೆ, ಅರ್ಧ ಪ್ರತಿಯೊಬ್ಬರಿಗೆ ಬೇರೆಯಾಗಿ ಇರಲಿ. ಕೊನೆಯ ದಿನ ಮಂಡಿಗೆ ಹೋದವನನ್ನು ಆಲೆಮನೆಯ ಬಗ್ಗೆ, ಅಂಗಡಿಗೆ ಹೋದವಳನ್ನು ಕಬ್ಬಿನ ಬಗ್ಗೆ ಕೇಳಿ.

ಹಳೆಯ ವಾಟ್ಸ್‌ಆ್ಯಪ್ ಗುಂಪನ್ನು ಏನು ಮಾಡಲಿ ಎಂದೂ ಕೇಳಿದ್ದೀರಿ. ಅದರಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಕಾಣುವುದರಿಂದ ಅದನ್ನು ಮುಚ್ಚಿಬಿಡಿ. ಮುಂದಿನ ಹಂತದ ದಿನಾಂಕಗಳನ್ನು ತರಗತಿಯ ಸೂಚನಾ ಫಲಕದಲ್ಲಿ ಹಾಕಿಸಿ.

ಸಂಪಾದಕ