ಗಂಡು ಕರುವಿನ ಲೆಕ್ಕ ಯಾರ ಖಾತೆಗೆ?

ಪ್ರಶ್ನೆ: ನಮ್ಮದು ನಾಲ್ಕು ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಹಸುಗಳ ಮನೆ. ಡೇರಿಗೆ ಹಾಕುವ ಹಾಲಿನಿಂದಲೇ ಸಂಸಾರ ಸಾಗುತ್ತದೆ. ಈ ಬಾರಿ ಎರಡು ಹಸುಗಳು ಗಂಡು ಕರು ಹಾಕಿವೆ. ಸಾಕಲು ಮೇವಿಲ್ಲ, ಕೊಳ್ಳುವವರಿಲ್ಲ, ಗೋಶಾಲೆಯವರು ಜಾಗವಿಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದವಳು ‘ಅಮ್ಮಾ, ಈ ಹಾಲಿನಲ್ಲೇ ಹಿಂಸೆಯಿದೆ’ ಎಂದು ಕಾಫಿಯನ್ನೂ ಬಿಟ್ಟಿದ್ದಾಳೆ. ಹಸುವನ್ನು ಲಕ್ಷ್ಮಿಯೆಂದು ಪೂಜಿಸುವ ನಾವು ನಿಜವಾಗಿಯೂ ತಪ್ಪು ಮಾಡುತ್ತಿದ್ದೇವೆಯೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ತಾಯೀ, ಮಗಳ ಮೇಲೆ ಸಿಟ್ಟಾಗಬೇಡಿ. ಹಾಲು ಕರೆಯುವ ಊರುಗಳಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ವಿಷಯವನ್ನು ಅವಳು ಎತ್ತಿದ್ದಾಳೆ. ಒಂದು ಪ್ರಾಣಿಯನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದನ್ನು ಅದರ ಹಣೆಗೆ ಹಚ್ಚುವ ಅರಿಶಿನ ಕುಂಕುಮದಿಂದ ಅಳೆಯಲಾಗದು. ಅದರಿಂದ ನಮಗೆ ಏನೂ ಹುಟ್ಟುವುದಿಲ್ಲ ಎಂದು ಗೊತ್ತಾದ ದಿನ ಅದರ ಗತಿ ಏನಾಗುತ್ತದೆ ಎಂಬುದರಿಂದ ಅಳೆಯಬೇಕು. ಹಾಗೆ ಅಳೆದರೆ ನಮ್ಮ ಹೈನುಗಾರಿಕೆಯಲ್ಲಿ ಗಂಡು ಕರುವಿನಷ್ಟು ನತದೃಷ್ಟ ಜೀವ ಇನ್ನೊಂದಿಲ್ಲ.

ಹಿಂದೆ ಹೀಗಿರಲಿಲ್ಲ. ಹಳ್ಳಿಕಾರ್ ಹಸುವಿನ ಹಾಲು ಮನೆಮಂದಿಗೆ ಸಾಲುವಷ್ಟಾದರೆ ಅದೇ ಹೆಚ್ಚು. ಜನ ಅದನ್ನು ಸಾಕುತ್ತಿದ್ದುದೇ ಹೋರಿಕರುವಿನ ಆಸೆಗೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಳ್ಳೆಯ ಜೋಡಿಗೆ ಇಂದಿಗೂ ಲಕ್ಷಗಟ್ಟಲೆ ಬೆಲೆ ಬರುತ್ತದೆ. ಹೊಲಕ್ಕೆ ಟ್ರ್ಯಾಕ್ಟರ್ ಮತ್ತು ಟಿಲ್ಲರ್ ಇಳಿದು, ಕೊಟ್ಟಿಗೆಗೆ ಮಿಶ್ರತಳಿ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ನೊಗ ಆತು ನಿಲ್ಲಲು ಬೇಕಾದ ಹಿಣಿಲು ಎಚ್‌.ಎಫ್‌. ಹೋರಿಗಿಲ್ಲ, ಬಿಸಿಲಿನಲ್ಲಿ ನಾಲ್ಕು ಸಾಲು ಎಳೆಯುವಷ್ಟರಲ್ಲಿ ಅದು ಏದುಸಿರು ಬಿಡುತ್ತದೆ. ಉಳುಮೆಗೂ ಗಾಡಿಗೂ ಒದಗದ ಕರುವಿಗೆ ಹಾಲು ಬಿಟ್ಟರೆ ಅಷ್ಟು ಲೀಟರು ಡೇರಿಗೆ ಖೋತಾ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 19.25 ಕೋಟಿ ದನಗಳಿದ್ದವು. ಅವುಗಳಲ್ಲಿ ಹೆಣ್ಣು 14.5 ಕೋಟಿ, ಗಂಡು ಐದು ಕೋಟಿಗೂ ಕಡಿಮೆ. ಹುಟ್ಟುವಾಗ ಎರಡೂ ಹೆಚ್ಚುಕಡಿಮೆ ಸಮನಾಗಿಯೇ ಹುಟ್ಟುತ್ತವೆ. ಉಳಿದವು ಎಲ್ಲಿ ಹೋದವು ಎಂದು ಯಾವ ಪಟ್ಟಿಯೂ ಹೇಳುವುದಿಲ್ಲವಾದರೂ, ಮೂವತ್ತು ವರ್ಷ ಪಶುವೈದ್ಯನಾಗಿ ಹಳ್ಳಿ ತಿರುಗಿದ ನಾನು ಅವುಗಳಲ್ಲಿ ಕೆಲವನ್ನಾದರೂ ಕಂಡಿದ್ದೇನೆ. ಭೇದಿಯಿಂದ ಸತ್ತಿತೆಂದು ನಾನೇ ಬರೆದುಕೊಟ್ಟ ಎಷ್ಟೋ ಕರುಗಳು ನಿಜವಾಗಿ ಸತ್ತದ್ದು ಹಸಿವಿನಿಂದ. ಹಸು ತೊರೆ ಬಿಡುವಷ್ಟಕ್ಕೆ (ಕೆಚ್ಚಲಿಗೆ ಹಾಲು ಇಳಿಸುವಷ್ಟಕ್ಕೆ) ಮಾತ್ರ ಕೆಚ್ಚಲಿಗೆ ಬಿಟ್ಟು, ಒಡನೆಯೇ ಎಳೆದು ಗೂಟಕ್ಕೆ ಕಟ್ಟಿದ ಕರು ಎಷ್ಟು ದಿನ ಬಾಳೀತು?

ಇಲ್ಲಿ ಕಾನೂನು ಅರ್ಧ ದಾರಿಯಲ್ಲೇ ನಿಂತಿದೆ. 2021ರ ಆರಂಭದಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನುಳಿದು ಬೇರಾವ ದನವನ್ನೂ ಕಡಿಯಬಾರದೆನ್ನುತ್ತದೆ. ಕತ್ತಿಯನ್ನು ತಡೆದದ್ದು ಸರಿಯೋ ತಪ್ಪೋ ಎಂಬ ಜಗಳ ಬೇರೆ. ತಡೆದ ಮೇಲೆ ಆ ಕರುವಿಗೆ ಮೇವು ಹಾಕುವವರು ಯಾರು ಎಂಬುದು ರೈತನ ತಲೆಗೇ ಬಂತು. ಸಾಕುಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದೂ, ಹಸಿವಿನಿಂದ ನರಳುವಂತೆ ಬೀದಿಗೆ ಬಿಡುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ ಹೌದು. ಆದರೆ ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಲೀಟರ್ ಹಾಲಿನ ಬೆಲೆಗೆ ತೀರಿಹೋಗುವ ದಂಡಕ್ಕೆ ಹೆದರುವವರು ಯಾರು?

ನೀವು ಈಗ ಮಾಡಬಹುದಾದದ್ದನ್ನು ಹೇಳುತ್ತೇನೆ. ಕರು ಗಂಡಾಗಲಿ ಹೆಣ್ಣಾಗಲಿ, ಹುಟ್ಟಿದ ಒಂದೆರಡು ತಾಸಿನೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. ತಾಯಿಯ ರೋಗನಿರೋಧಕ ಶಕ್ತಿ ದನಗಳಲ್ಲಿ ಗರ್ಭದೊಳಗೆ ಕರುವಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು, ಒಂದು ದಿನ ಕಳೆದರೆ ಅದನ್ನು ಹೀರುವ ಶಕ್ತಿಯೂ ಕರುಳಿಗೆ ಉಳಿಯುವುದಿಲ್ಲ. ಮುಂದಿನ ಸಲ ಮಣಕಗಳಿಗೆ (ಇನ್ನೂ ಕರು ಹಾಕದ ಎಳೆಯ ಹಸುಗಳಿಗೆ) ಲಿಂಗ ವಿಂಗಡಿಸಿದ ವೀರ್ಯದ ನಳಿಕೆಯನ್ನು ಕೇಳಿ ಹಾಕಿಸಿ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೆಣ್ಣು ಕರುವೇ ಹುಟ್ಟುತ್ತದೆ. ಗರ್ಭ ಕಟ್ಟುವ ಪ್ರಮಾಣ ಸ್ವಲ್ಪ ಕಡಿಮೆಯಾದ್ದರಿಂದ, ಹೆಚ್ಚು ಸೂಲು ಕಂಡ ಹಸುವಿಗಿಂತ ಮಣಕಕ್ಕೆ ಅದು ಹೆಚ್ಚು ಹೊಂದುತ್ತದೆ. ಸಾಕಲಾಗದ ಜೀವವನ್ನು ಹುಟ್ಟಿಸಿ ಕೊರಗುವುದಕ್ಕಿಂತ ಹುಟ್ಟಿಸದಿರುವುದು ಮೇಲು. ಈಗಾಗಲೇ ಹುಟ್ಟಿರುವ ಎರಡನ್ನು ಮೂರು ತಿಂಗಳಾದರೂ ಸರಿಯಾಗಿ ಹಾಲು ಬಿಟ್ಟು ಸಾಕಿ. ಮೇಯುವಷ್ಟು ಗಟ್ಟಿಯಾದ ಕರುವನ್ನು, ಗೊಬ್ಬರಕ್ಕಾದರೂ ಸರಿ ಎಂದು, ತೋಟವಿರುವವರು ಕೆಲವೊಮ್ಮೆ ಕೇಳುತ್ತಾರೆ. ಸಾಯುವ ಹಂತದ ಕರುವನ್ನು ಯಾರೂ ಕೇಳುವುದಿಲ್ಲ.

ಮಗಳ ವಿಚಾರ. ಹಸುವಿನ ಜನನಾಂಗಕ್ಕೆ ಗಾಳಿ ಊದುವ ಫೂಕಾ ಎಂಬ ಕ್ರೂರ ಪದ್ಧತಿಯಿಂದ ಹಾಲು ಇಳಿಸುತ್ತಾರೆಂದು ತಿಳಿದು ಗಾಂಧೀಜಿಯವರಿಗೂ ಹಾಲಿನ ಮೇಲೆ ಜಿಗುಪ್ಸೆ ಹುಟ್ಟಿತ್ತು, ಹಾಲು ಕುಡಿಯುವುದಿಲ್ಲವೆಂದು ವ್ರತ ತೊಟ್ಟಿದ್ದರು. ಕಾಯಿಲೆ ಬಿದ್ದಾಗ ಮೇಕೆಯ ಹಾಲಿಗೆ ಒಪ್ಪಿಕೊಂಡರು. ವ್ರತದ ಅಕ್ಷರ ಉಳಿದು ಆತ್ಮ ಹೋಯಿತೆಂದು ಕೊನೆಯವರೆಗೂ ಅವರಿಗೆ ನೋವಿತ್ತು. ಅವಳು ಕಾಫಿ ಬಿಟ್ಟದ್ದನ್ನು ಗೌರವಿಸಿ. ಆದರೆ ತನ್ನ ಶುಲ್ಕ ಆ ಹಾಲಿನಿಂದಲೇ ಬಂದಿದೆ ಎಂಬುದನ್ನೂ ಅವಳು ಯೋಚಿಸಲಿ, ನಗರದಲ್ಲಿ ಪ್ಯಾಕೆಟ್ ಹರಿಯುವ ಸ್ನೇಹಿತರಿಗೂ ಹೇಳಲಿ. ಹಾಲಿನ ದರದಲ್ಲಿ ಹಿಂಡಿ, ಬೂಸಾ, ಸಾಗಣೆ ಎಲ್ಲದರ ಲೆಕ್ಕವಿದೆ, ಗಂಡು ಕರುವಿನ ಮೇವಿನ ಲೆಕ್ಕ ಇಲ್ಲ. ಕುಡಿಯುವವರು ಅದನ್ನು ಹೊರದೆ ಕರೆಯುವವರಿಗೆ ಮಾತ್ರ ಪಾಪ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ: ನಾವು ಕೋಣಗಳಿಗೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತೇವೆ. ಆದರೂ ಕಂಬಳವನ್ನು ಹಿಂಸೆ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?
– ಓದುಗರೊಬ್ಬರು, ಕಾರ್ಕಳ

ಉತ್ತರ: ಮೇಲಿನ ಅಳತೆಗೋಲನ್ನೇ ಹಿಡಿದರೆ ನಿಮ್ಮ ಕೋಣ ಆ ಗಂಡು ಕರುವಿಗಿಂತ ಎಷ್ಟೋ ಭಾಗ್ಯಶಾಲಿ, ಓಟಕ್ಕಿಳಿಯದ ವರ್ಷವೂ ಅದಕ್ಕೆ ಮೇವು ತಪ್ಪುವುದಿಲ್ಲ. ಮೊಸರನ್ನ ಉಣ್ಣುತ್ತಲೇ ಕಂಬಳದ ವಿರುದ್ಧ ಸಹಿ ಹಾಕುವವರು ಇದನ್ನು ಗಮನಿಸಿದರೆ ಒಳ್ಳೆಯದು. ಆದರೆ ಮುನ್ನೂರ ಅರುವತ್ತು ದಿನದ ಪ್ರೀತಿಯಿಂದ ಉಳಿದ ದಿನಗಳ ಬೆತ್ತದ ಏಟು ಮಾಯುವುದಿಲ್ಲ. ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟವನ್ನು 2014ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. 2016ರಲ್ಲಿ ಹೈಕೋರ್ಟಿನ ತಡೆಯಿಂದ ಕಂಬಳವೂ ನಿಂತಿತು. ನಂತರ ಕಂಬಳಕ್ಕೆ ಅವಕಾಶ ಕೊಡಲು ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯನ್ನು 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಅದು ಕಂಬಳಕ್ಕೆ ಸಿಕ್ಕ ಅನುಮತಿಯೇ ಹೊರತು ಬೆತ್ತಕ್ಕೆ ಸಿಕ್ಕದ್ದಲ್ಲ. ಕಂಬಳದ ಕನೆಹಲಗೆ ವಿಭಾಗವನ್ನು ನೋಡಿ: ಅಲ್ಲಿ ಗೆಲುವು ನೀರು ಮೇಲೆ ಕಟ್ಟಿದ ನಿಶಾನೆಯ (ಗುರುತಿನ ಬಟ್ಟೆಯ) ಎತ್ತರಕ್ಕೆ ಚಿಮ್ಮುವುದರ ಮೇಲೆ ನಿಂತಿದೆ, ಎದುರಾಳಿಗಿಂತ ಕ್ಷಣದ ಒಂದಂಶ ಮೊದಲು ಮುಟ್ಟುವುದರ ಮೇಲಲ್ಲ. ವೇಗದ ಹುಚ್ಚು ಹೆಚ್ಚಿದಷ್ಟೂ ಬೆತ್ತದ ಆಸೆ ಹೆಚ್ಚುತ್ತದೆ. ಏಟು ತಿಂದ ಜೋಡಿಯನ್ನು ಕರೆಯಿಂದಲೇ (ಓಟದ ಕೆಸರುಗದ್ದೆಯಿಂದಲೇ) ಹೊರಗಿಡುವ ನಿಯಮವನ್ನು ಕೋಣಗಳ ಯಜಮಾನರೇ ತಂದರೆ ನ್ಯಾಯಾಲಯಕ್ಕೆ ಅಲೆಯುವ ಕೆಲಸ ಇರುವುದಿಲ್ಲ.

ಪ್ರಶ್ನೆ: ಮೊಟ್ಟೆಯನ್ನೂ ಮುಟ್ಟದ ನಾನು ಮಗನ ಮದುವೆಗೆ ರೇಷ್ಮೆ ಸೀರೆ ಉಡಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ನೂರಾರು ಮೀಟರಿನ ಒಂದೇ ಎಳೆ ತುಂಡಾಗುತ್ತದೆ; ಅದಕ್ಕಾಗಿ ಹುಳು ಗೂಡಿನಲ್ಲಿದ್ದಾಗಲೇ ಅದನ್ನು ಬಿಸಿ ಗಾಳಿ ಅಥವಾ ಹಬೆಯಿಂದ ಕೊಲ್ಲುತ್ತಾರೆ. ಒಂದು ಸೀರೆಗೆ ಅಂತಹ ಸಾವಿರಾರು ಗೂಡು ಬೇಕು. ಹುಳುವನ್ನು ಕರುವಿನ ಸಾಲಿನಲ್ಲಿ ನಿಲ್ಲಿಸಲು ನಾನು ಸಿದ್ಧನಿಲ್ಲ, ಆದರೆ ರೇಷ್ಮೆಯನ್ನು ‘ಮಡಿ’ ಎಂದು ಕರೆದು ಚರ್ಮದ ಚಪ್ಪಲಿಯನ್ನು ಹೊರಗಿಡುವ ನಮ್ಮ ರೂಢಿ ನನಗೆ ಯಾವಾಗಲೂ ವಿಚಿತ್ರವಾಗಿ ಕಂಡಿದೆ. ಚಿಟ್ಟೆ ಹಾರಿಹೋದ ಗೂಡುಗಳಿಂದ ನೂತ ಅಹಿಂಸಾ ರೇಷ್ಮೆ ದೊರೆಯುತ್ತದೆ. ಹೊಳಪು ಕಡಿಮೆ, ಬೆಲೆ ಹೆಚ್ಚು. ಮನಸ್ಸು ಕುಟುಕಿದರೆ ಅದನ್ನು ಕೊಳ್ಳಿ. ಅಥವಾ ನಿಮ್ಮ ಅತ್ತೆಯವರ ಕಾಲದ ಸೀರೆ ಪೆಟ್ಟಿಗೆಯಲ್ಲಿದ್ದರೆ ಅದನ್ನೇ ಉಡಿ, ಅದಕ್ಕಾಗಿ ಹೊಸದಾಗಿ ಒಂದು ಗೂಡನ್ನೂ ಬೇಯಿಸಬೇಕಾಗಿಲ್ಲ.