ಹಲವು ಸರ್ವಿಸ್‌ಗಳನ್ನು (ಬೇರೆ ಬೇರೆಯಾಗಿ ಓಡುವ ಪ್ರೋಗ್ರಾಮ್‌ಗಳನ್ನು) ಒಟ್ಟಿಗೆ ನಡೆಸಲು ಬರೆಯುವ ಡಾಕರ್ ಕಂಪೋಸ್ ಫೈಲಿನಲ್ಲಿ ಒಂದೇ ಸಾಲುಗಳನ್ನು ಪದೇ ಪದೇ ಬರೆಯದೆ ಇರಲು ಏನು ಮಾಡಬೇಕು?

ಆ ಫೈಲ್ ಬರೆಯುವ ಫಾರ್ಮ್ಯಾಟ್ ಆದ ಯಾಮೆಲ್‌ನ (YAML) ಆ್ಯಂಕರ್ ಬಳಸಿ. ಎಲ್ಲ ಕಡೆ ಬೇಕಾಗುವ ಸಾಲುಗಳನ್ನು ಒಂದೇ ಕಡೆ ಬರೆದು, & ಹಾಕಿ ಅದಕ್ಕೊಂದು ಹೆಸರು ಕೊಡಿ. ಬೇಕಾದಲ್ಲಿ <<: ಬರೆದು, * ಜೊತೆ ಆ ಹೆಸರು ಹಾಕಿದರೆ ಸಾಕು.

ಉಡುಪಿ, ಕುಂದಾಪುರ, ಮಂಗಳೂರು ಶಾಖೆಗಳಿಗೆ ಒಂದೇ ಬುಕಿಂಗ್ ಆ್ಯಪ್‌ನ ಮೂರು ಸರ್ವಿಸ್ ಇವೆ ಅಂದುಕೊಳ್ಳಿ. ಇಮೇಜ್ (ಆ್ಯಪ್‌ನ ಸಿದ್ಧ ಪ್ಯಾಕೇಜ್), ರೀಸ್ಟಾರ್ಟ್, ಲಾಗಿಂಗ್ ಮೂರಕ್ಕೂ ಒಂದೇ ಅಲ್ವಾ? ಅವು ಆ್ಯಂಕರ್‌ನಲ್ಲಿರಲಿ. ಸರ್ವಿಸ್‌ನೊಳಗೆ ಪೋರ್ಟ್ ಮಾತ್ರ ಬರೆಯಿರಿ. ಆ್ಯಂಕರ್ ಇಡುವ ಬ್ಲಾಕ್ ಸರ್ವಿಸ್‌ಗಳ ಪಟ್ಟಿಯ ಹೊರಗೆ, ಫೈಲಿನ ಮೇಲಿನ ಹಂತದಲ್ಲಿರಲಿ; ಅದರ ಹೆಸರು 'ಎಕ್ಸ್-' (x-) ಎಂದು ಶುರುವಾಗಬೇಕು, ಆಗ ಕಂಪೋಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತದೆ.

ಫೈಲ್ ಓದುವಾಗಲೇ ಆ್ಯಂಕರ್‌ನ ಸಾಲುಗಳು ಸರ್ವಿಸ್‌ಗೆ ಸೇರಿಕೊಳ್ಳುತ್ತವೆ. ಒಂದೇ ಕೀ ಎರಡೂ ಕಡೆ ಇದ್ದರೆ ಸರ್ವಿಸ್‌ನಲ್ಲಿ ಬರೆದದ್ದೇ ಉಳಿಯುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ. ಈ ಸೇರಿಕೆ ಮೇಲಿನ ಒಂದು ಹಂತಕ್ಕೆ ಮಾತ್ರ. ಆ್ಯಂಕರ್‌ನಲ್ಲಿ ಎನ್ವಿರಾನ್‌ಮೆಂಟ್ (ಆ್ಯಪ್‌ಗೆ ಕೊಡುವ ಸೆಟ್ಟಿಂಗ್‌ಗಳು) ಕೂಡ ಇದ್ದರೆ, ಮಂಗಳೂರಿಗೆಂದು ಎನ್ವಿರಾನ್‌ಮೆಂಟ್‌ನಲ್ಲಿ ಒಂದೇ ಒಂದು ಸಾಲು ಬರೆದರೂ ಆ್ಯಂಕರ್‌ನಿಂದ ಬಂದ ಎನ್ವಿರಾನ್‌ಮೆಂಟ್ ಪೂರ್ತಿ ಹೋಗುತ್ತದೆ. ಹಾಗಾಗಿ ಎನ್ವಿರಾನ್‌ಮೆಂಟ್‌ಗೆ ಬೇರೆಯೇ ಆ್ಯಂಕರ್ ಮಾಡಿ, ಸರ್ವಿಸ್‌ನ ಎನ್ವಿರಾನ್‌ಮೆಂಟ್ ಒಳಗೇ <<: ಬರೆದು ಅದನ್ನು ಸೇರಿಸಿ. ಅಡ್ಡಗೆರೆಯ ಪಟ್ಟಿಯಾಗಿ ಅಲ್ಲ, ಕೀ-ಬೆಲೆ ಜೋಡಿಯಾಗಿಯೇ ಬರೆಯಿರಿ. ಪಟ್ಟಿಗಳನ್ನು <<: ಸೇರಿಸುವುದಿಲ್ಲ.

ಸರ್ವರ್‌ಗೆ ಹಾಕುವ ಮೊದಲು 'ಡಾಕರ್ ಕಂಪೋಸ್ ಕಾನ್ಫಿಗ್' (docker compose config) ಕಮಾಂಡ್ ಕೊಡಿ. ಎಲ್ಲ ಸೇರಿದ ಮೇಲಿನ ಪೂರ್ತಿ ಫೈಲ್ ಕಾಣುತ್ತದೆ.