ಇಳಿಜಾರಿನ ಹಿತ್ತಿಲಲ್ಲಿ ಕೂರುವ ಜಾಗ ಮಾಡುವುದು ಹೇಗೆ?

ಪ್ರಶ್ನೆ: ಧಾರವಾಡದಿಂದ ಬಂದು ಗೋವಾದ ಫೋಂಡಾ ಹತ್ತಿರ ಮನೆ ಮಾಡಿದ್ದೇವೆ. ಹಿತ್ತಿಲು 30 ಅಡಿ ಅಗಲ, 40 ಅಡಿ ಉದ್ದ. ಮನೆಯಿಂದ ಕೊನೆ ಮುಟ್ಟುವಷ್ಟರಲ್ಲಿ 6 ಅಡಿ ಇಳಿಯುತ್ತದೆ. ಕುರ್ಚಿ ಹಾಕಿದರೆ ನಿಲ್ಲುವುದಿಲ್ಲ. ಭಾನುವಾರ ಎಂಟು-ಹತ್ತು ಜನ ಬಂದರೆ ಕೂತು ಊಟ ಮಾಡುವಂತಿರಬೇಕು. ಅವ್ವನಿಗೆ ಮೊಣಕಾಲು ನೋವು, ಸಂಜೆ ಹೊರಗೆ ಆರಾಮಾಗಿ ಕೂರಬೇಕು. ಮೇಸ್ತ್ರಿ ಕೊನೆಯಲ್ಲಿ 6 ಅಡಿ ಗೋಡೆ ಕಟ್ಟಿ, ಮಣ್ಣು ತುಂಬಿ ಪೂರ್ತಿ ಸಮ ಮಾಡೋಣ ಅಂತಾರೆ. ಮಾಡಿಸಬಹುದಾ?

ಉತ್ತರ: ಬೇಡ, ದಯವಿಟ್ಟು ಆ ಗೋಡೆಗೆ ಒಪ್ಪಬೇಡಿ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ತುಂಬಿದ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಗೋಡೆ ಹಿಂದೆ ನಿಂತ ನೀರಿನ ಒತ್ತಡ ಅದಕ್ಕಿಂತ ಅಪಾಯ. ನನ್ನ ಹಿತ್ತಿಲಲ್ಲೇ ಕಂಡಿದ್ದೇನೆ. ನಾಲ್ಕಡಿ ಗೋಡೆಗೆ ನೀರು ಹೋಗುವ ದಾರಿ ಬಿಟ್ಟಿರಲಿಲ್ಲ. ಜುಲೈನ ಒಂದು ಬೆಳಿಗ್ಗೆ ನೋಡಿದರೆ ನಡುವಿನ ಕಲ್ಲುಸಾಲು ಹೊಟ್ಟೆ ಬಿಟ್ಟಿತ್ತು. ಸಂದಿಯಿಂದ ಕೆಂಪು ನೀರು ಜಿನುಗುತ್ತಿತ್ತು. ಆ ವಾರವೇ ಗೋಡೆ ಬಿತ್ತು.

ಒಂದು ದೊಡ್ಡ ಗೋಡೆಯ ಬದಲು ಎರಡೆರಡು ಅಡಿಯ ಎರಡು ಗೋಡೆ ಕಟ್ಟಿಸಿ. ಮನೆಗೆ ತಾಗಿ 14 ಅಡಿ ಒಂದು ಅಂಗಳ, ಅದರ ಕೆಳಗೆ 14 ಅಡಿ ಇನ್ನೊಂದು. ಕೊನೆಯ 12 ಅಡಿ ಇಳಿಜಾರು ಹಾಗೇ ಇರಲಿ. ಮೇಲಿನದು ಅಡುಗೆಮನೆಗೆ ಹತ್ತಿರ, ಊಟದ ಮೇಜು ಅಲ್ಲಿರಲಿ. ಅದು ಮನೆ ಬಾಗಿಲಿನ ಮಟ್ಟಕ್ಕೇ ಬರುವುದರಿಂದ ಅವ್ವ ಮೆಟ್ಟಿಲು ಇಳಿಯುವ ಪ್ರಶ್ನೆಯೇ ಇಲ್ಲ. ಕೆಳಗಿನ ಅಂಗಳ ಹರಟೆಗೆ.

ಗೋಡೆಗೆ ಅಲ್ಲಿನ ಚಿರೆಕಲ್ಲೇ (ಕೆಂಪು ಜಂಬಿಟ್ಟಿಗೆ ಕಲ್ಲು) ಸಾಕು. ಬುಡ ಗಟ್ಟಿ ನೆಲಕ್ಕೆ ಒಂದಡಿ ಇಳಿಯಬೇಕು, ಗೋಡೆ ಒಂದಿಷ್ಟು ಮಣ್ಣಿನ ಕಡೆಗೇ ವಾಲಿರಬೇಕು. ಹಿಂದೆ ಒಂದಡಿ ಅಗಲ ಜಲ್ಲಿ ತುಂಬಿಸಿ. ಬುಡದಲ್ಲಿ ನಾಲ್ಕೈದು ಅಡಿಗೊಂದು ಎರಡಿಂಚಿನ ಪಿವಿಸಿ ಪೈಪು, ಬಾಯಿ ಕೆಳಮುಖವಾಗಿ. ಖರ್ಚು ಉಳಿಸಲು ಮೇಸ್ತ್ರಿಗಳು ಮೊದಲು ಬಿಡುವುದು ಈ ಜಲ್ಲಿಯನ್ನೇ. ಎದುರಿಗೆ ನಿಂತು ಹಾಕಿಸಿ. ಮಣ್ಣನ್ನು ಒಮ್ಮೆಲೇ ಸುರಿಯದೆ ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಮ್ಮಸು ಹೊಡೆಸಿ.

ಮೇಲಿನ ಗೋಡೆಯನ್ನು ಅಂಗಳಕ್ಕಿಂತ ಒಂದಡಿ ಎತ್ತರಿಸಿ. ಕುರ್ಚಿ ಜಾರಿ ಬೀಳುವುದಿಲ್ಲ. ಕೆಳಗಿನಿಂದ ಅದಕ್ಕೆ ಒರಗಿಸಿ, ಪೈಪುಗಳ ಬಾಯಿ ಮುಚ್ಚದಂತೆ, 18 ಇಂಚು ಎತ್ತರದ ಕಟ್ಟೆ ಕಟ್ಟಿದರೆ ಗೋಡೆಯೇ ಬೆನ್ನಿಗೆ ಆನಿಕೆ. ಗೋವಾದ ಹಳೇ ಮನೆಗಳ ಬಲ್ಕಾಂವ್‌ನ ಕಲ್ಲುಬೆಂಚು ನೋಡಿದ್ದೀರಲ್ವಾ? ನಮ್ಮ ಜಗಲಿಕಟ್ಟೆಯ ಹಾಗೇ. ಹತ್ತು ಜನ ಬಂದರೂ ಕುರ್ಚಿ ಹುಡುಕಬೇಕಿಲ್ಲ.

ಎರಡು ಅಂಗಳಗಳ ನಡುವಿನ ಮೆಟ್ಟಿಲು ಆರಿಂಚು ಎತ್ತರ, 14 ಇಂಚು ಅಗಲ, ಒಂದು ಬದಿಗೆ ಹಿಡಿದುಕೊಳ್ಳಲು ಕಂಬಿ. ನೆಲಕ್ಕೆ ಪಾಲಿಶ್ ಇಲ್ಲದ ಶಹಾಬಾದ್ ಕಲ್ಲು ಹಾಕಿಸಿ. ನುಣುಪಾದದ್ದು ಬೇಡ, ಪಾಚಿ ಕಟ್ಟಿ ಜಾರುತ್ತದೆ. ಹತ್ತಡಿಗೆ ಎರಡಿಂಚು ವಾಟ ಮನೆಯಿಂದ ಆಚೆಗಿರಲಿ, ಅಂಚಿನಲ್ಲಿ ಚಿಕ್ಕ ಕಾಲುವೆ ಮಾಡಿ ನೀರನ್ನು ಬದಿಗೆ ಬಿಡಿ.

ಕೊನೆಯ ಇಳಿಜಾರಿಗೆ ಜೂನ್ ಮೊದಲ ಮಳೆಗೆ ಲಾವಂಚದ ಸಾಲು ನೆಡಿ, ಬೇರು ನೇರ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ನಡುವೆ ಒಂದೆರಡು ಮುರುಗಲು (ಕೋಕಂ) ಗಿಡ ಇರಲಿ.

ಗೋವಾದಲ್ಲಿ ಗುಡ್ಡದ ಜಾಗ ಕಡಿಯಲು ಅನುಮತಿ ಬೇಕು, ಮರ ಕಡಿಯಲು 1984ರ ಕಾಯ್ದೆಯಿದೆ. ಗುದ್ದಲಿ ಹಾಕುವ ಮೊದಲು ನಗರ ಮತ್ತು ಗ್ರಾಮ ಯೋಜನಾ ಇಲಾಖೆಯಲ್ಲಿ ವಿಚಾರಿಸಿ. ಇರುವ ಮರದ ಬುಡಕ್ಕೆ ಮಣ್ಣು ಏರಿಸಬೇಡಿ, ಮರ ಸಾಯುತ್ತದೆ.

ನವೆಂಬರ್‌ನಲ್ಲಿ ಶುರು ಮಾಡಿದರೆ ಮೇ ಒಳಗೆ ಮುಗಿಯುತ್ತದೆ. ಮಳೆ ಹಿಡಿದ ಮೇಲೆ ಕೊಡೆ ಹಿಡಿದು ಇಳಿದು ಪೈಪುಗಳನ್ನು ನೋಡಿ. ಅಕ್ಕಪಕ್ಕದವು ಸುರಿಯುತ್ತಿದ್ದು ಒಂದು ಮಾತ್ರ ಒಣಗಿದ್ದರೆ ಅದು ಕಟ್ಟಿದೆ. ಅಂದೇ ಸರಳು ತೂರಿಸಿ ಬಿಡಿಸಿ.